ಟ್ಯಾಂಕಿನ ಮೇಲಿನ ಕುಂಕುಮ

ಕೋವಿಡ್ ಮುಗಿದು ಜನರ ಮುಖದಿಂದ ಮಾಸ್ಕು ಇಳಿದ ಮೊದಲ ವರ್ಷ. ನಾನಾಗ ಒಂದು ಬೈಕ್ ಕಂಪನಿಯ ವಿಕ್ರೋಳಿ ಕಚೇರಿಯಲ್ಲಿ ವಾರಂಟಿ ಇಂಜಿನಿಯರ್. ಗಿರಾಕಿಗಳು ವಾರಂಟಿ ಕೇಳಿ ಬಂದಾಗ ಗಾಡಿ ಪರೀಕ್ಷಿಸಿ, ದೋಷ ಕಾರ್ಖಾನೆಯದೋ ಬಳಸಿದವರದೋ ಎಂದು ವರದಿ ಬರೆಯುವುದು ನನ್ನ ಕೆಲಸ. ವರದಿಯ ಕೆಳಗೆ ಸಹಿ ಮಾಡಿ ಪಕ್ಕದಲ್ಲಿ ಬಿ.ಇ. ಎಂದು ಬರೆಯುತ್ತಿದ್ದೆ. ಕಚೇರಿಯಲ್ಲಿ ಬೇರೆ ಯಾರಿಗೂ ಆ ರೂಢಿ ಇರಲಿಲ್ಲ. ನನಗಿತ್ತು. ಬಾಗಲಕೋಟೆ ಕಡೆಯಿಂದ ಬಂದು ಈ ಊರಿನ ಬಿಲ್ಡಿಂಗುಗಳಿಗೆ ಕಲ್ಲು ಹೊತ್ತವರ ಮಗಳು ನಾನು. ಚಾಳಿನ ಪಕ್ಕದ ಮುನಿಸಿಪಾಲಿಟಿ ಕನ್ನಡ ಶಾಲೆಯಿಂದ ಆ ಎರಡು ಅಕ್ಷರಗಳವರೆಗೆ ಎಷ್ಟು ದೂರವೆಂದು ನಡೆದವಳಿಗೇ ಗೊತ್ತು. ನಮ್ಮ ಮನೆತನದಲ್ಲಿ ಅದಕ್ಕೆ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ.

ಗಂಡ ತೀರಿಕೊಂಡು ವರ್ಷ ದಾಟಿತ್ತು. ಮಕ್ಕಳಿರಲಿಲ್ಲ. ಮುಲುಂಡಿನ ಮನೆಯಲ್ಲಿ ನಾನೊಬ್ಬಳೇ. ಆ ಸಂಕ್ರಾಂತಿಗೆ ಹೌಸಿಂಗ್ ಸೊಸೈಟಿಯ ಹೆಂಗಸರು ಹಳದಿ-ಕುಂಕುವಿಗೆ, ಅಂದರೆ ಮುತ್ತೈದೆಯರ ಅರಿಶಿನ-ಕುಂಕುಮಕ್ಕೆ, ಮನೆಮನೆಗೆ ಕರೆಯಲು ಬಂದವರು ನನ್ನ ಬಾಗಿಲು ದಾಟಿ ಮುಂದಿನ ಬಾಗಿಲ ಬೆಲ್ ಒತ್ತಿದ್ದರು. ಒಳಗೆ ಕೂತು ಅವರ ಬಳೆ ಸದ್ದು ಕೇಳಿದ್ದೆ. ಕರೆಯಲು ಅವರಿಗೂ ಮುಜುಗರ, ಹೋಗಲು ನನಗೂ ಮುಜುಗರ. ಹಣೆಗೆ ಇಡುವುದನ್ನು ಬಿಟ್ಟಿದ್ದೆ. ವ್ರತ ಎಂದಲ್ಲ, ಕನ್ನಡಿಯ ಮುಂದೆ ನಿಲ್ಲುವ ಮನಸ್ಸೇ ಹೋಗಿತ್ತು.

ಅಂಥ ದಿನಗಳಲ್ಲಿ ಮುಲುಂಡಿನ ನಮ್ಮ ಡೀಲರನಿಂದ ಒಂದು ಪೇಂಟ್ ಕ್ಲೇಮ್ ಬಂತು. ಮ್ಯಾಟ್ ಬೂದು ಬಣ್ಣದ ಗಾಡಿ. ಮ್ಯಾಟ್ ಎಂದರೆ ಹೊಳಪಿಲ್ಲದ ಬಣ್ಣ; ನೋಡಲು ಚೆಂದ, ಕಾಪಾಡುವುದು ಕಷ್ಟ. ಪೆಟ್ರೋಲ್ ಟ್ಯಾಂಕಿನ ಮೇಲೆ ಹೆಬ್ಬೆರಳಿನಷ್ಟು ಅಗಲದ ಕೆಂಪು ಕಲೆ, ಅಲ್ಲಿಂದ ಕೆಳಗೆ ಹರಿದಂತೆ ಒಂದು ಗೆರೆ. ಉಗುರಿನಿಂದ ಕೆರೆದರೂ ಏಳಲಿಲ್ಲ.

ಗಾಡಿಯ ಯಜಮಾನ ಯಲ್ಲಪ್ಪ, ಕಟ್ಟಡಗಳಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ನನ್ನ ಮಾತಿನ ಧಾಟಿ ಕೇಳಿದವನೇ ಹಿಂದಿ ಬಿಟ್ಟು ಊರಿನ ಮಾತಿಗೆ ಇಳಿದ.

"ಗಾಡಿ ಛಲೋ ಓಡತೈತ್ರಿ ಅಕ್ಕಾರ. ಆದ್ರ ನಾಕಾಬಂದಿ ಪೊಲೀಸ್ರು ಈ ಕಲಿ ನೋಡಿ 'ಕಿಸ್ಕೋ ಠೋಕಾ?', ಯಾರಿಗೆ ಗುದ್ದಿ ಬಂದಿ ಅಂತ ನಿಂದರಸ್ತಾರ. ಅದರ ಹೋಗ್ಲಿ. ನಮ್ಮಾಕಿ ಹಿಂದ ಕುಂದರಾಕ ಒಲ್ಲೆ ಅಂತಾಳ. ಇಬ್ರೂ ಕೂಡಿ ಕೆಲಸಕ್ಕ ಹೋಗೂಣು ಅಂತs ತಗೊಂಡಿದ್ದು. ಹಿಂದಿನ ಸೀಟಿನ ಪ್ಲಾಸ್ಟಿಕ್ ಸೈತ ಹರದಿಲ್ಲ ನೋಡ್ರಿ."

ನೋಡಿದೆ, ಹರಿದಿರಲಿಲ್ಲ. ಅವನ ಹೆಂಡತಿ ಗಂಗವ್ವ ಶೋರೂಮಿನ ಗಾಜಿನ ಹೊರಗೇ ನಿಂತಿದ್ದಳು. ವಿಕ್ರೋಳಿಯ ಒಂದು ಕ್ಯಾಂಟೀನಿನಲ್ಲಿ ಅವಳಿಗೆ ಕೆಲಸ. ಗಂಡ ಅದೇ ದಾರಿಯಲ್ಲಿ ಬೈಕಿನಲ್ಲಿ ಹೋದರೆ ಅವಳು ಸ್ಟೇಷನ್ನಿಗೆ ನಡೆದು ಲೋಕಲ್ ರೈಲು ಹಿಡಿಯುತ್ತಿದ್ದಳು. ನಾನೇ ಹೊರಗೆ ಹೋಗಿ ವಿಚಾರಿಸಿದೆ.

"ಗಾಡಿ ಕೊಟ್ಟ ದಿನ ಪೂಜಿ ಮಾಡಸಿದ್ರು. ನಾನs ಕುಂಕುಮ ಹಚ್ಚಿದ್ದು," ಎಂದಳು. ಕಣ್ಣು ನೆಲದ ಮೇಲಿತ್ತು. "ಅದು ಕಾಯಿ ನೀರಿಗೆ ಕದಡಿ ರಕ್ತ ಇಳದಂಗ ಇಳೀತು. ಮುತ್ತೈದಿ ಹಚ್ಚಿದ ಕುಂಕುಮ ಹಂಗ ಕದಡಿದ್ರ ಗಂಡಗ ಛಲೋ ಅಲ್ಲಂತ. ಇವರ ಅವ್ವ ಫೋನಿನ್ಯಾಗ ಹೇಳ್ಯಾರ. ನಿನ್ನ ಕೈನs ಸರಿ ಇಲ್ಲ ಅಂದ್ರು."

ವರ್ಕ್‌ಶಾಪಿನ ಮ್ಯಾನೇಜರ್ ಸುಧಾಕರ ಶೆಟ್ಟರು ಉಡುಪಿ ಕಡೆಯವರು. ನನಗೆ ಚಹಾ ತರಿಸಿದರು. "ಇದರಲ್ಲಿ ನೋಡ್ಲಿಕ್ಕೆ ಎಂತ ಉಂಟು ಮೇಡಂ? ಹಚ್ಚಿದ್ದು ಅವರೇ ಅಂತ ಅವರೇ ಹೇಳ್ತಾರೆ. ಗಿರಾಕಿಯಿಂದ ಆದ ಹಾನಿ ಅಂತ ಬರೆದು ಬಿಡಿ, ಮುಗೀತು."

ನಿಯಮದ ಪ್ರಕಾರ ಅವರ ಮಾತು ಸರಿ. ಹೊರಗಿನ ವಸ್ತು ಬಿದ್ದು ಆದ ಕಲೆಗೆ ವಾರಂಟಿ ಇಲ್ಲ. ಆದರೆ ಕಾರಣದ ಜಾಗದಲ್ಲಿ ಹಾಗೆ ಬರೆದರೆ ಅತ್ತೆ ಫೋನಿನಲ್ಲಿ ಹೇಳಿದ್ದಕ್ಕೆ ನನ್ನ ಬಿ.ಇ.ಯ ಮೊಹರು ಒತ್ತಿದಂತೆ. ಮೇಲಾಗಿ ನನಗೊಂದು ಅನುಮಾನವೂ ಇತ್ತು. ದಸರೆಗೆ ಈ ಊರಿನಲ್ಲಿ ಕುಂಕುಮ ಕಾಣದ ಗಾಡಿಯೇ ಇಲ್ಲ. ಒರೆಸಿದರೆ ಹೋಗುತ್ತದೆ. ಇದೇಕೆ ಹೋಗಲಿಲ್ಲ?

ಲ್ಯಾಪ್‌ಟಾಪ್ ತೆರೆದು ಕೂತಿದ್ದಾಗಲೇ ಶೋರೂಮಿನಲ್ಲಿ ಇನ್ನೊಂದು ಕುಟುಂಬಕ್ಕೆ ಅದೇ ಬಣ್ಣದ ಗಾಡಿ ಕೊಡುವ ತಯಾರಿ ನಡೆದಿತ್ತು. ಹಾರ, ತೆಂಗಿನಕಾಯಿ, ಚಕ್ರದ ಕೆಳಗೆ ನಿಂಬೆಹಣ್ಣು, ಫೋಟೋ, ಎಲ್ಲವೂ ಡೀಲರನದೇ ಏರ್ಪಾಟು. ಪೂಜೆಗೆ ಮುಂಚೆ ಡೆಲಿವರಿಯವನು ಟ್ಯಾಂಕಿನ ಮೇಲಿನ ಸಾಗಣೆಯ ಸ್ಟಿಕರ್ ಕಿತ್ತ. ಅಂಟು ಉಳಿಯಿತು. ಡಬ್ಬಿಯಿಂದ ಬಟ್ಟೆಗೆ ಏನನ್ನೋ ಸುರಿದು ಗಸಗಸ ಉಜ್ಜಿದ. ನಾನು ಕೂತಲ್ಲಿಗೇ ವಾಸನೆ ಬಂತು. ಥಿನ್ನರ್. ಅದು ಆರುವ ಮೊದಲೇ ಆ ಮನೆಯ ಹೆಂಗಸನ್ನು ಕರೆದು, "ಆಯಿಯೇ ಭಾಭೀಜಿ, ಯಹಾಂ ಲಗಾಯಿಯೇ," ಎಂದು ಕುಂಕುಮ ಹಚ್ಚಲು ಉಜ್ಜಿದ ಜಾಗವನ್ನೇ ತೋರಿಸಿದ.

ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಥಿನ್ನರ್ ಅದನ್ನು ಮೆತ್ತಗೆ ಮಾಡುತ್ತದೆ. ಆಗ ಒದ್ದೆ ಕುಂಕುಮದ ಬಣ್ಣ ಒಳಗೆ ಇಳಿಯುತ್ತದೆ. ಓಡಿ ಹೋಗಿ ಅವರನ್ನು ತಡೆದೆ.

ಯಲ್ಲಪ್ಪನ ಗಾಡಿಗೂ ಹೀಗೇ ಆಗಿರಬೇಕೆಂದು ಶೆಟ್ಟರಿಗೆ ಹೇಳಿದಾಗ ಅವರ ಮುಖ ಬಿಗಿಯಿತು. "ನೀವು ಕಂಪನಿ ಕಡೆಯಾ, ಗಿರಾಕಿ ಕಡೆಯಾ? ನಿಮ್ಮ ಊರಿನವರು ಅಂತ ಇಷ್ಟು ಹಚ್ಚಿಕೊಳ್ಳುದಾ?"

"ಊರಿನವರು ಅಂತ ಅಲ್ಲ ಶೆಟ್ಟರೆ. ಕೆಳಗೆ ನನ್ನ ಸಹಿ ಇರುತ್ತದೆ."

ನನ್ನ ಅನುಮಾನ ನಿಜವೋ ಸುಳ್ಳೋ ಪರೀಕ್ಷಿಸಬೇಕಿತ್ತು. ಸಾಗಣೆಯಲ್ಲಿ ತಗ್ಗು ಬಿದ್ದ ಅದೇ ಬಣ್ಣದ ಟ್ಯಾಂಕೊಂದು ಗೋದಾಮಿನಲ್ಲಿತ್ತು. ಶನಿವಾರ ಅದನ್ನು ಮೇಜಿನ ಮೇಲೆ ಇಡಿಸಿ, ಬಲಭಾಗವನ್ನು ಮಾತ್ರ ಥಿನ್ನರಿನಿಂದ ಉಜ್ಜಿಸಿದೆ. ಕುಂಕುಮಕ್ಕೆ ತೆಂಗಿನಕಾಯಿ ನೀರು ಹಾಕಿ ಕಲಸಿ ಗಂಗವ್ವನನ್ನು ಕರೆದೆ.

"ನನ್ನ ಕೈ ಬ್ಯಾಡ್ರಿ ಅಕ್ಕಾರ. ನೀವs ಹಚ್ಚ್ರಿ."

"ನಿಮ್ಮ ಕೈನs ಬೇಕವ್ವಾ. ನಾ ಹಚ್ಚಿದ್ರ ಪರೀಕ್ಷಾ ಆಗೂದಿಲ್ಲ."

ಎಡಕ್ಕೊಂದು ಬಲಕ್ಕೊಂದು ಬೊಟ್ಟು ಇಟ್ಟಳು. ಬೆರಳಿನಲ್ಲಿ ಇನ್ನೂ ಕುಂಕುಮ ಉಳಿದಿತ್ತು. ಕೈಯಲ್ಲಿ ಕುಂಕುಮವಿದ್ದು ಎದುರಿಗೆ ಹೆಂಗಸು ನಿಂತಿದ್ದರೆ ನಮ್ಮ ಕಡೆ ಕೈ ತಾನಾಗಿಯೇ ಏಳುತ್ತದೆ. ಅವಳದೂ ನನ್ನ ಹಣೆಯ ಕಡೆಗೆ ಎದ್ದಿತು. ಅರ್ಧಕ್ಕೆ ಬಂದಾಗ ನನ್ನ ಕೊರಳು ನೋಡಿದಳು. ಕೈ ಇಳಿಸಿ ಸೆರಗಿಗೆ ಒರೆಸಿಕೊಂಡಳು. ನಾನು ಡಬ್ಬಿಯ ಮುಚ್ಚಳ ಹುಡುಕುವವಳಂತೆ ಆಚೆ ತಿರುಗಿದೆ.

ಭಾನುವಾರ ಮನೆಯಲ್ಲಿ ಯಾರೊಂದಿಗೂ ಮಾತಿಲ್ಲದೆ ಕಳೆಯಿತು. ಸೋಮವಾರ ಬೆಳಿಗ್ಗೆ ಶೆಟ್ಟರ, ಯಲ್ಲಪ್ಪನ ಎದುರಿಗೇ ಗಂಗವ್ವನ ಕೈಗೆ ಒದ್ದೆ ಬಟ್ಟೆ ಕೊಟ್ಟೆ. ಎಡಗಡೆಯ ಬೊಟ್ಟು ಒಂದೇ ಸಲಕ್ಕೆ ಹೋಯಿತು. ಬಲಗಡೆಯದು ಎಷ್ಟು ತಿಕ್ಕಿದರೂ ಅಲ್ಲೇ ಉಳಿಯಿತು. ಅವಳು ಏನೂ ಉಳಿಯದ ಎಡಭಾಗವನ್ನೇ ಮತ್ತೆ ಮತ್ತೆ ಒರೆಸಿದಳು.

"ಹಂಗಾರ ನನ್ನ ಕೈದಲ್ಲ."

"ಅಲ್ಲ. ಥಿನ್ನರಿಂದು."

ಬಟ್ಟೆಯನ್ನು ಮೇಜಿನ ಮೇಲಿಟ್ಟು ಗಂಡನ ಕಡೆ ತಿರುಗಿದಳು. "ನಿಮ್ಮವ್ವಗ ಫೋನ್ ಹಚ್ಚ್ರಿ."

"ಸಂಜೀಗೆ ಹಚ್ಚೂಣು ತಗೋ."

"ಈಗs ಹಚ್ಚ್ರಿ. ಇಂಜಿನೇರ್ ಅಕ್ಕಾರು ಇಲ್ಲೇ ಅದಾರ."

ವಾರಂಟಿ ಕ್ಲೇಮನ್ನು ನಾನು ತಿರಸ್ಕರಿಸಿದೆ. ಕಾರ್ಖಾನೆಯ ಬಣ್ಣದಲ್ಲಿ ದೋಷವಿರಲಿಲ್ಲ. ಕಾರಣದ ಜಾಗದಲ್ಲಿ, ಗಾಡಿ ಒಪ್ಪಿಸುವ ಮುನ್ನ ಡೀಲರ್ ಬಳಸಿದ ಥಿನ್ನರ್ ಎಂದು ಬರೆದು, ಹೊಸ ಟ್ಯಾಂಕನ್ನು ಡೀಲರನೇ ಹಾಕಿಕೊಡಬೇಕೆಂದು ಸೇರಿಸಿದೆ. ಕ್ಲೇಮ್ ತಿರಸ್ಕರಿಸಿದರೆ ಸಾಕಿತ್ತು, ಡೀಲರನನ್ನು ಯಾಕೆ ಕೆಣಕಿದಿರಿ ಎಂದು ನನ್ನ ಮೇಲಧಿಕಾರಿ ಕೇಳಿದರು. ಶೆಟ್ಟರು ಟ್ಯಾಂಕ್ ಹಾಕಿಸಿದರು. ಆಮೇಲೆ ಅಲ್ಲಿಗೆ ಹೋದಾಗ ನನಗೆ ಚಹಾ ಬರಲಿಲ್ಲ.

ಟ್ಯಾಂಕ್ ಜೋಡಿಸಿದ ದಿನ ಗಂಗವ್ವ ಸೀಟಿನ ಪ್ಲಾಸ್ಟಿಕ್ಕನ್ನು ತಾನೇ ಹರಿದು ಹಿಂದೆ ಕೂತಳು. ಹೊರಡುವ ಮುಂಚೆ, "ಅಕ್ಕಾರ, ಮನ್ಯಾಗ ಯಾರ್ಯಾರ ಇರ್ತೀರಿ?" ಎಂದಳು. "ನಾನೊಬ್ಬಾಕಿನs," ಎಂದೆ. ಗಾಡಿ ತಿರುವು ದಾಟುವವರೆಗೂ ಹಿಂತಿರುಗಿ ನನ್ನನ್ನೇ ನೋಡುತ್ತಿದ್ದಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ತಪ್ಪು ನಿಮ್ಮದಲ್ಲ ಎಂದು ವರದಿಯಲ್ಲಿ ಬರೆದರೆ ಸಾಲದು, ಬಾಯಲ್ಲಿ ಹೇಳಿದರೂ ಸಾಲದು. ಅವರ ಕೈಗೇ ಬಟ್ಟೆ ಕೊಟ್ಟು ಒರೆಸಿ ನೋಡಲು ಬಿಡಬೇಕು. ನಿವೃತ್ತಿಗೆ ಉಳಿದಿದ್ದ ಎರಡು ವರ್ಷವೂ ಹಾಗೇ ಮಾಡಿದೆ. ನನ್ನ ಗಂಡ ಹೋದಾಗ ಅವರ ಮನೆಯವರು ನನ್ನ ಕಾಲ್ಗುಣವೆಂದರು. ಅದು ಸುಳ್ಳೆಂದು ನನಗೆ ಅಂದೂ ಗೊತ್ತಿತ್ತು, ಇಂದೂ ಗೊತ್ತು. ಒರೆಸಿ ತೋರಿಸಲು ಅದಕ್ಕೊಂದು ಟ್ಯಾಂಕ್ ಇಲ್ಲ, ಅಷ್ಟೇ.