ಹಾಡು ಬಿಟ್ಟು ಸಿನಿಮಾ ನೋಡಿದ ಅಪ್ಪ

ಹಳೆಯ ಹಾಡಿನ ಸಿನಿಮಾ ಎಂದರೆ ನಮ್ಮ ಅವ್ವನಿಗೆ ಜೀವ. ಅಪ್ಪನಿಗೆ ಕಥೆ ಬೇಕು. ರೋಣದ ಪೇಟೆಯಲ್ಲಿ ಕಡಲೆ ವ್ಯಾಪಾರ ಮಾಡುವ ಅವನು ಸುತ್ತಿ ಬಳಸಿ ಮಾತಾಡುವವನಲ್ಲ. ಪರದೆಯ ಮೇಲೆ ಯಾರಾದರೂ ಮರ ಹಿಡಿದು ನಿಂತರೆ ಸಾಕು, "ಆತು ನೋಡು, ಈಗ ಇಂವಾ ಹಾಡತಾನ" ಎಂದು ಎದ್ದು ಹೊರಗೆ ಹೋಗುತ್ತಿದ್ದ.

ಹೋದ ದೀಪಾವಳಿಗೆ ನಾನು ನರಗುಂದದಿಂದ ತವರಿಗೆ ಬಂದಿದ್ದೆ. ಅವ್ವ ಹುಡುಗಿಯಾಗಿದ್ದಾಗ ಗಜೇಂದ್ರಗಡದ ಟೆಂಟಿನಲ್ಲಿ ನೋಡಿದ್ದ ಕಪ್ಪು ಬಿಳುಪಿನ ಸಿನಿಮಾ ಒಂದು ಮೊಬೈಲಿನಲ್ಲಿ ಸಿಕ್ಕಿತು. ಟಿವಿಗೆ ಜೋಡಿಸಿದೆ. ಹೆಸರು ಕಂಡಿದ್ದೇ ತಡ, ಜಗಳ.

"ಇದರಾಗ ಹಾಡ ಬಿಟ್ರ ಏನೈತ್ರಿ?" ಎಂದಳು ಅವ್ವ.

"ಹಾಡ ತಗದ್ರ ಚಲೋ ಕಥಿ ಐತಿ. ಲಗೂ ಮುಗೀತೈತಿ," ಎಂದ ಅಪ್ಪ.

ಯಾರದು ಖರೆ ಹೇಳು ಎಂದು ಇಬ್ಬರೂ ನನ್ನ ಕಡೆ ತಿರುಗಿದರು. ನನಗೂ ಅಷ್ಟೇ ಬೇಕಿತ್ತು.

"ಅಪ್ಪಾ, ನಿನಗ ಹಾಡ ಬಂದಲ್ಲೆ ಮುಂದ ಓಡಸ್ತೀನಿ. ಅವ್ವಾ, ನಿನಗ ಆಮ್ಯಾಲೆ ಬರೇ ಹಾಡ. ಇಬ್ರೂ ನನಗ ಕಥಿ ಹೇಳ್ರಿ."

ಅಪ್ಪ ಖುಷಿಯಿಂದ ಗಾದಿಗೆ ಒರಗಿದ. ಬಾವಿಕಟ್ಟೆಯಲ್ಲಿ ನಾಯಕಿ ನಾಯಕನನ್ನು ಬಾಯಿಗೆ ಬಂದಂತೆ ಬೈದಳು. ಹಾಡು ಬಂತು, ಓಡಿಸಿದೆ. ಮರುಕ್ಷಣ ಅವಳ ತೊಡೆಯ ಮೇಲೊಂದು ಕೂಸು.

"ಏ, ನಿಂದ್ರಸು. ಕೂಸು ಯಾರದು?"

"ಆಕೀದ."

"ಲಗ್ನ ಯಾವಾಗಾತು?"

"ಹಾಡಿನ್ಯಾಗ ಆತಪಾ."

ಅಡುಗೆಮನೆಯಲ್ಲಿ ಅವ್ವ ಕಿಸಕ್ಕನೆ ನಕ್ಕಳು. ಅಪ್ಪ ಹಟ ಬಿಡಲಿಲ್ಲ. ಇನ್ನೊಂದು ಹಾಡು ಓಡಿಸಿದ ಮೇಲೆ ಕೂಸಿಗೆ ಮೀಸೆ ಬಂದಿತ್ತು, ಅತ್ತೆಯ ಫೋಟೋಕ್ಕೆ ಮಾಲೆ ಬಿದ್ದಿತ್ತು.

"ಇರೋ ಕಥಿ ಎಲ್ಲಾ ಹಾಡಿನ್ಯಾಗ ತುಂಬ್ಯಾರಲ್ಲ, ಈ ಮಂದಿ!" ಎಂದು ಅಪ್ಪ ಗೊಣಗಿದ.

ಆಮೇಲೆ ಅವ್ವನ ಸರದಿ. ಬರೀ ಹಾಡು ನೋಡಿ ಅವಳು ಲಗ್ನ, ಬಾಣಂತನ, ಅತ್ತೆಯ ಸಾವು ಎಲ್ಲವನ್ನೂ ಒಪ್ಪವಾಗಿ ಹೇಳಿದಳು. ಕೊನೆಗೆ, "ಆ ಗಂಡ ಮಾತ್ರ ಭಾಡ್ಯಾ. ಇನ್ನೊಬ್ಬಾಕಿ ಸಲುವಾಗಿ ಹೆಂಡ್ತೀನ್ನ ಬಿಟ್ಟು ಹ್ವಾದ," ಎಂದಳು.

ಅಪ್ಪ ಎದ್ದು ಕೂತ. "ಯಾವ ಇನ್ನೊಬ್ಬಾಕಿ? ತಮ್ಮ ಮಾಡಿದ ಕಳುವನ್ನ ತನ್ನ ಮ್ಯಾಲೆ ಹಾಕ್ಕೊಂಡು ಜೇಲಿಗೆ ಹ್ವಾದ, ಪಾಪ!"

ಅವ್ವನನ್ನು ವಿಚಾರಿಸಿದರೆ, ಟೆಂಟಿನಲ್ಲಿ ಮಾತು ಬಂದಾಗೆಲ್ಲ ಚಿಗವ್ವನ ತೊಡೆಯ ಮೇಲೆ ಮಲಗಿಬಿಡುತ್ತಿದ್ದಳಂತೆ. ಹಾಡು ಬಂದರೆ ಮಾತ್ರ ಎಬ್ಬಿಸು ಎಂದು ತಾಕೀತು ಬೇರೆ. ಹೆಂಡತಿ ಅಳುವ ಹಾಡು ನೋಡಿ ಆ ಇನ್ನೊಬ್ಬಾಕಿಯನ್ನು ತಾನೇ ಊಹಿಸಿಕೊಂಡಿದ್ದಳು.

"ಅಯ್ಯ ಶಿವನ, ಇಷ್ಟ ವರ್ಷ ಅವನ್ನ ಬೈಕೋತ ಬಂದೀನಲ್ರಿ!"

ಹಾಡೇ ಗೆದ್ದಿತು ಎಂದು ನಾನು ತೀರ್ಪು ಕೊಟ್ಟೆ. ಲಗ್ನ, ಬಾಣಂತನ, ಸಾವು, ಮೂರು ಕೆಲಸ ಹಾಡು ಮಾಡಿತ್ತು, ಮಾತು ಮಾಡಿದ್ದು ಒಂದೇ. ಆದರೆ ಆ ಒಂದಿಲ್ಲದೆ ಒಬ್ಬ ಸಂಭಾವಿತ ಅವ್ವನ ಬಾಯಲ್ಲಿ ಭಾಡ್ಯಾ ಆಗಿದ್ದ. ಇಬ್ಬರೂ ನನ್ನ ತೀರ್ಪನ್ನು ಒಪ್ಪಲಿಲ್ಲ.

ಮರುದಿನ ಮಧ್ಯಾಹ್ನ ಜೊತೆಗೆ ಕೂತು ಪೂರಾ ನೋಡಿದರು. ಲಗ್ನದ ಹಾಡಿನ ನಡುವೆ ಅಪ್ಪ ಮಿಸುಕಾಡಿದ.

"ಭಾಳ ಉದ್ದ ಆತಿದು."

"ಲಗ್ನಾ ಅಂದಮ್ಯಾಲೆ ಹೊತ್ತ ಹಿಡೀತೈತ್ರಿ," ಎಂದಳು ಅವ್ವ. "ಸುಮ್ಕ ಕುಂದರ್ರಿ."