ಆರು ತಿಂಗಳ ಕೊಬ್ಬರಿ

ಪ್ರತಿ ಮುಂಗಾರಿನಲ್ಲೂ ನಮ್ಮ ಕಚೇರಿಗೆ ಮೇಲಿನಿಂದ ಒಂದು ನಮೂನೆ ಬರುತ್ತದೆ. ‘ದೇಶದ ಆರ್ಥಿಕ ಬೆಳವಣಿಗೆಗೆ ನಿಮ್ಮ ಕೊಡುಗೆ ಮತ್ತು ಮುಂದಿನ ಯೋಜನೆ’ ಎಂದು ಅದರ ನೆತ್ತಿಯ ಮೇಲೆ ಅಚ್ಚಾಗಿರುತ್ತದೆ. ಕೆಳಗೆ ಉದ್ದಕ್ಕೂ ಕಾಲಮ್ಮುಗಳು. ತೆಂಗು ಬೆಳೆಗಾರರಿಗೆಂದು ಇರುವ ಸಣ್ಣ ಸರ್ಕಾರಿ ಕಚೇರಿ ನಮ್ಮದು. ನಾನು ಅಲ್ಲಿ ಕ್ಷೇತ್ರ ಸಹಾಯಕಿ. ಗುತ್ತಿಗೆ ಕೆಲಸ, ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹನ್ನೆರಡು ವರ್ಷದಿಂದ ಹೀಗೇ ನಡೆದಿದೆ. ಚಿಕ್ಕನಾಯಕನಹಳ್ಳಿಯಲ್ಲಿ ಬೆಳಗಿನ ಬಸ್ಸು ಹತ್ತಿ ತಿಪಟೂರಿಗೆ ಹೋಗುತ್ತೇನೆ, ದಿನವಿಡೀ ಕೂತು ದೇಶವನ್ನು ಬೆಳೆಸುತ್ತೇನೆ, ಸಂಜೆ ಬಸ್ಸಿನಲ್ಲಿ ನಿಂತುಕೊಂಡು ವಾಪಸ್ ಬರುತ್ತೇನೆ. ಮನೆಗೆ ಬಂದು ಅಕ್ಕಿ ತೊಳೆಯುವಾಗಲೂ ಕಾಲಮ್ಮುಗಳೇ ಕಣ್ಣ ಮುಂದೆ ಇರುತ್ತವೆ.

ಸುಳ್ಳೇಕೆ ಹೇಳಲಿ, ಆ ವರ್ಷದ ಯೋಜನೆಯಲ್ಲಿ ಒಂದು ಒಳ್ಳೆಯ ವಿಷಯವಿತ್ತು. ಅಟ್ಟವಿಲ್ಲದ ಬೆಳೆಗಾರರಿಗೆ ಊರಲ್ಲೇ ಒಂದು ಕೊಬ್ಬರಿ ಶೆಡ್ಡು. ನಮ್ಮ ಕಡೆಯ ಉಂಡೆ ಕೊಬ್ಬರಿಗೆ ಅಟ್ಟವೇ ಆಧಾರ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಸುಮ್ಮನಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಚಿಪ್ಪು ಒಡೆದರೆ ಇಡೀ ಉಂಡೆ ಕೈಗೆ ಬರುತ್ತದೆ. ಇದಕ್ಕೆ ಹನ್ನೊಂದು ತಿಂಗಳು ಹಿಡಿಯುತ್ತದೆ. ಅಟ್ಟ ಇಲ್ಲದವರಿಗೆ ಅಷ್ಟು ದಿನ ಕಾಯುವ ಭಾಗ್ಯವಿಲ್ಲ. ಕೊಯ್ದ ವಾರದಲ್ಲೇ ಹಸಿಕಾಯನ್ನು ಬಂದ ಬೆಲೆಗೆ ಕೊಟ್ಟುಬಿಡುತ್ತಾರೆ.

ಕೆಂಕೆರೆ ಕಡೆಯ ಹಳ್ಳಿಯೊಂದರ ಮಹಿಳಾ ಸಂಘದ ಅಧ್ಯಕ್ಷೆ ಈ ಶೆಡ್ಡಿಗಾಗಿ ಮೂರು ವರ್ಷದಿಂದ ನನ್ನ ಬೆನ್ನು ಬಿದ್ದಿದ್ದರು. ಐವತ್ತು ದಾಟಿದ ಹೆಂಗಸು, ದನಿ ದೊಡ್ಡದು, ನಗುವೂ ದೊಡ್ಡದು. ಅವರ ಮನೆಗೆ ಅಟ್ಟವಿತ್ತು. ಅವರು ಕೇಳುತ್ತಿದ್ದುದು ಸಂಘದ ಉಳಿದ ಎಂಟು ಜನಕ್ಕೆ. ಎಲ್ಲರದೂ ಶೀಟಿನ ಮನೆ, ಹತ್ತೋ ಹದಿನೈದೋ ಮರ.

“ನಂದೇನೂ ಇಲ್ಲ ಮೇಡಮ್ಮ, ನಂಗೆ ಅಟ್ಟ ಐತೆ. ಇವ್ರು ಕಾಯಿ ಎಲ್ಲಿಡ್ಬೇಕು, ತಲೆ ಮೇಲಾ?” ಎಂದು ನನ್ನನ್ನು ಗದರುತ್ತಲೇ ಕಾಫಿ ಲೋಟ ಮುಂದಿಡುತ್ತಿದ್ದರು.

ಶೆಡ್ಡಿಗೆ ಒಂದು ಷರತ್ತಿತ್ತು. ಸಂಘದವರು ಮೊದಲು ಎಲ್ಲಾದರೂ ಕಾಯಿ ಶೇಖರಿಸಿ, ಕೊಬ್ಬರಿ ಮಾಡಿ, ನೋಡಲು ಬಂದವರಿಗೆ ತೋರಿಸಬೇಕು. ಅಧ್ಯಕ್ಷೆ ತಮ್ಮ ಕಾಯನ್ನು ಒಂದು ಮೂಲೆಗೆ ಒತ್ತರಿಸಿ ಎಂಟು ಮನೆಯ ಕಾಯಿಗೂ ಅಟ್ಟದಲ್ಲಿ ಜಾಗ ಮಾಡಿದರು. ಅವರ ಯಜಮಾನರು ಗೊಣಗಿದರಂತೆ. ಗೊಣಗಿಕೊಂಡೇ ಏಣಿಯ ಮೇಲೆ ನಿಂತು ಕಾಯಿ ಎತ್ತಿಕೊಟ್ಟರಂತೆ. ಆಷಾಢದಲ್ಲಿ ಕಾಯಿ ಅಟ್ಟ ಸೇರಿತು.

ಅದೇ ವಾರ ನಾನು ನಮೂನೆ ತುಂಬುತ್ತಿದ್ದೆ. ‘ಫಲಿತಾಂಶ ದೊರೆಯುವ ಅವಧಿ’ ಎಂಬ ಕಾಲಮ್ಮಿನಲ್ಲಿ ಹನ್ನೊಂದು ತಿಂಗಳು ಎಂದು ಬರೆದೆ. ನಮ್ಮ ಸಾಹೇಬರು ಓದಿ ಪೆನ್ನಿನ ತುದಿಯಿಂದ ಅದರ ಮೇಲೆ ಕುಟ್ಟಿದರು. ಕೆಟ್ಟ ಮನುಷ್ಯರೇನಲ್ಲ. ಬಯಲುಸೀಮೆಯ ಆಚೆಯಿಂದ ವರ್ಗವಾಗಿ ಬಂದಿದ್ದರು, ಮತ್ತೆ ವರ್ಗವಾಗಲು ಕಾಯುತ್ತಿದ್ದರು.

“ಇದು ಮಾರ್ಚ್ ದಾಟಿ ಹೋಗುತ್ತೆ ಮೇಡಂ. ಈ ವರ್ಷದ ಗುರಿಯೊಳಗೆ ಬರಲ್ಲ. ಆರು ಅಂತ ಮಾಡಿ.”

“ಆರಕ್ಕೆ ಕೊಬ್ಬರಿ ಆಗಲ್ಲ ಸರ್.”

“ಪೇಪರಲ್ಲಿ ಆಗ್ಲಿ ಬಿಡಿ. ಯಾರು ಬಂದು ಒಡೆದು ನೋಡ್ತಾರೆ?”

ನಾನು ತೆಂಗಿನ ತೋಟದಲ್ಲೇ ಹುಟ್ಟಿ ಬೆಳೆದವಳು. ಮಗುವನ್ನು ಕೇಳಿದರೂ ಹೇಳುವ ವಿಷಯ ಅದು. ಆದರೂ ಆರು ಎಂದು ತಿದ್ದಿದೆ. ಗುತ್ತಿಗೆ ನವೀಕರಣದ ಪತ್ರ ಅವರ ಮೇಜಿನ ಮೇಲೇ ಇತ್ತು. ಅಷ್ಟೇ ಅಲ್ಲ, ನನಗೆ ವಾದ ಮಾಡಿ ಮಾಡಿ ಸಾಕಾಗಿತ್ತು. ಒಂದು ಅಂಕಿ ತಾನೆ ಅಂದುಕೊಂಡೆ.

ಅವರು ಬಂದರು. ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ, ಕಾಗದದ ಲೆಕ್ಕದಲ್ಲಿ ಆರು ತಿಂಗಳು ತುಂಬಿದ ಕೂಡಲೇ, ದೆಹಲಿಯಿಂದ ಮೂರು ಜನ ಯೋಜನೆಯ ಪ್ರಗತಿ ನೋಡಲು ಬಂದರು. ಹಿಂದಿನ ಸಂಜೆ ನಾನು ಅಧ್ಯಕ್ಷೆಗೆ ಫೋನ್ ಮಾಡಿದೆ. ಕೊಬ್ಬರಿ ತೋರಿಸಬೇಕಂತೆ ಎಂದೆ.

“ಏನ್ ಮೇಡಮ್ಮ, ತಮಾಷೆ ಮಾಡ್ತೀರಾ? ಇನ್ನೂ ನೀರೇ ಇಂಗಿಲ್ಲ ಕಣವ್ವ.”

“ಗೊತ್ತು. ಒಲೆ ಮೇಲಿನ ಸಾಲಲ್ಲಿ ಬಿಸಿಗೆ ಬೇಗ ಒಣಗಿದ್ದು ಒಂದಾದ್ರೂ ಸಿಗಬಹುದು, ನೋಡಿ.”

“ನೋಡನ ಬುಡಿ” ಅಂದರು. ಆರು ಎಂದು ಬರೆದವಳು ನಾನೇ ಎಂದು ಆಗಲೂ ಹೇಳಲಿಲ್ಲ.

ಮರುದಿನ ಅಂಗಳ ಗುಡಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಎಂಟೂ ಹೆಂಗಸರು ಒಳ್ಳೆಯ ಸೀರೆ ಉಟ್ಟು ನಿಂತಿದ್ದರು. ದೆಹಲಿಯವರ ಮುಂದೆಯೇ ಅಧ್ಯಕ್ಷೆ ಅಟ್ಟದ ಕೆಳಗೆ ಕೂತು ಒಂದೊಂದೇ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಕೊನೆಗೆ ಐದನ್ನು ಆರಿಸಿ, ಸಿಪ್ಪೆ ಸುಲಿದು, ಮಚ್ಚಿನ ಹಿಂಬದಿಯಿಂದ ಮೊದಲನೆಯದರ ಚಿಪ್ಪಿಗೆ ಸುತ್ತಲೂ ಮೆಲ್ಲಗೆ ತಟ್ಟಿದರು. ನೀರು ಚಿಮ್ಮಿ ನೆಲಕ್ಕೆ ಹರಿಯಿತು. ತಿರುಳು ಚಿಪ್ಪಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಬೆರಳಿನಿಂದ ಎಬ್ಬಿಸಲು ನೋಡಿದಾಗ ತುಂಡಾಗಿ ಬಂತು, ನಾಲ್ಕನೆಯದೂ ಅಷ್ಟೇ. ಐದನೆಯದು ಅರ್ಧದವರೆಗೆ ಬಿಟ್ಟುಕೊಂಡು ಇನ್ನೇನು ಬಂತು ಅನ್ನುವಾಗ ನಡುವೆ ಸೀಳಿತು. ಎಂಟು ಜನರಲ್ಲಿ ಯಾರೋ ಒಬ್ಬಳು ‘ಅಯ್ಯೋ’ ಅಂದಳು.

ಬಂದವರಲ್ಲಿ ಹಿರಿಯರು ಕೈಯಲ್ಲಿದ್ದ ಕಾಗದ ನೋಡಿದರು. ಇಲ್ಲಿ ಆರು ತಿಂಗಳು ಎಂದಿದೆಯಲ್ಲ, ಯಾಕೆ ಆಗಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಮ್ಮ ಸಾಹೇಬರು ಆ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಹನ್ನೊಂದು ಎಂಬ ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಅಧ್ಯಕ್ಷೆ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಸಾಹೇಬರ ಮುಖ ನೋಡಿದರು. ಅವರಿಗೆ ಎಲ್ಲವೂ ತಿಳಿದುಹೋಯಿತು. ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತರು.

“ನಮ್ದೇ ತಪ್ಪು ಸ್ವಾಮಿ. ಮೇಡಮ್ಮ ಬೇಗ ಹಾಕಿ ಅಂತ ಬಡ್ಕೊಂಡ್ರು. ನಾವೇ ಉದಾಸೀನ ಮಾಡಿ ತಡವಾಗಿ ಅಟ್ಟಕ್ಕೆ ಹಾಕ್ಬುಟ್ವಿ.”

ಸಾಹೇಬರು ಅಷ್ಟನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹೇಳಿದರು. ಹಿರಿಯರು ಅದನ್ನು ಕಾಗದದ ಅಂಚಿನಲ್ಲಿ ಬರೆದುಕೊಂಡರು. ಎಳನೀರು ಕುಡಿದು, ಹೆಂಗಸರ ಜೊತೆ ಫೋಟೋ ತೆಗೆಸಿಕೊಂಡು ಹೊರಟರು.

ವರದಿಯನ್ನು ಟೈಪ್ ಮಾಡಿದವಳೂ ನಾನೇ. ‘ಫಲಾನುಭವಿಗಳ ನಿರ್ಲಕ್ಷ್ಯದಿಂದ ನಿಗದಿತ ಅವಧಿಯಲ್ಲಿ ಪ್ರಗತಿ ಸಾಧ್ಯವಾಗಿಲ್ಲ’ ಎಂಬ ಸಾಲನ್ನು ಟೈಪ್ ಮಾಡುವಾಗ ಬೆರಳು ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಡುಗಲಿಲ್ಲ. ದಿನಾ ಮಾಡುವ ಕೆಲಸದಂತೆಯೇ ಮುಗಿಯಿತು. ಶೆಡ್ಡು ಬೇರೆ ತಾಲ್ಲೂಕಿನ ಪಾಲಾಯಿತು. ಒಮ್ಮೆ ನಿರ್ಲಕ್ಷ್ಯ ಎಂದು ದಾಖಲಾದ ಸಂಘಕ್ಕೆ ಮತ್ತೆ ಅರ್ಜಿ ಹಾಕಲು ಅವಕಾಶವಿಲ್ಲ ಎಂಬ ನಿಯಮ ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ನಾಚಿಕೆ ಬಂದದ್ದು ಆಮೇಲೆ. ಬಂದದ್ದು ಹೋಗಲೇ ಇಲ್ಲ. ಕೆಂಕೆರೆ ಕಡೆಯ ಕ್ಷೇತ್ರ ಭೇಟಿ ಇದ್ದರೆ ಏನಾದರೊಂದು ನೆಪ ಹೇಳಿ ಬೇರೆಯವರನ್ನು ಕಳಿಸುತ್ತಿದ್ದೆ.

ಮುಂದಿನ ಮಳೆಗಾಲದಲ್ಲಿ ಚಿಕ್ಕನಾಯಕನಹಳ್ಳಿ ಬಸ್ ನಿಲ್ದಾಣದಲ್ಲಿ ಅವರೇ ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಹತ್ತಿರ ಬಂದವರೇ ಕೈ ಹಿಡಿದುಕೊಂಡರು.

“ಕೊಬ್ಬರಿ ಬೋ ಚೆನ್ನಾಗಿ ಬಂತು ಕಣವ್ವ. ಒಂದೂ ಒಡೀಲಿಲ್ಲ, ಎಲ್ಲ ಉಂಡೆ ಉಂಡೆ” ಎಂದರು. ಆಮೇಲೆ ದನಿ ತಗ್ಗಿಸಿ, “ನಿಮ್ ಕೆಲ್ಸಕ್ಕೇನೂ ತೊಂದ್ರೆ ಆಗ್ಲಿಲ್ಲ ತಾನೇ? ಅವತ್ತಿಂದ ಅದೇ ಯೋಚ್ನೆ ನಂಗೆ” ಅಂದರು.

“ಇಲ್ಲ. ಇನ್ನೊಂದು ವರ್ಷ ಮುಂದುವರಿಸಿದ್ದಾರೆ.”

ಅವರ ಮುಖ ಅರಳಿತು. ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ, ಸಂಘದ ಎಂಟು ಜನರಲ್ಲೊಬ್ಬಳ ಕಡೆಗೆ ತಿರುಗಿ, “ನಾನ್ ಹೇಳ್ಲಿಲ್ವೇನೇ? ಮೇಡಮ್ಮ ಅಲ್ಲೇ ಇದ್ರೆ ನಮ್ ಶೆಡ್ಡು ಎಲ್ಲೂ ಹೋಗಲ್ಲ ಕಣೇ” ಎಂದರು. ಇಬ್ಬರೂ ನನ್ನನ್ನೇ ನೋಡಿದರು.

ನಾನು ಹೂಂ ಅಂದೆ.