‘ಶೇಮ್’ ಎಂದವರ ನಡುವೆ ಬೆಲ್ಲ, ನೀರು

“ಶೇಮ್! ಶೇಮ್!” ಎಂದು ಮುಂದೆ ಕುಳಿತ ಕಾಲೇಜು ಹುಡುಗರು ಕೂಗತೊಡಗಿದಾಗ ವೇದಿಕೆಯ ಮೇಲಿದ್ದ ಗದಗಿನ ವಕೀಲರ ಮಾತು ನಿಂತೇಹೋಯಿತು. ಲಕ್ಷ್ಮೇಶ್ವರದ ಆ ಕರ್ನಾಟಕ ಏಕೀಕರಣದ ಸಭೆಯಲ್ಲಿ, ಮುಂಬೈ ರಾಜ್ಯ ಬಿಟ್ಟರೆ ನಮ್ಮನ್ನು ಕೇಳುವವರು ಯಾರು ಎಂದು ಸಂಶಯ ಎತ್ತಿದವರು ಅವರೊಬ್ಬರೇ.

ಪಕ್ಕದಲ್ಲಿದ್ದ ಅಜ್ಜಿ ನನ್ನ ತೋಳು ಜಗ್ಗಿ ಅರ್ಥ ಕೇಳಿದಳು. ‘ನಾಚಿಕೆಗೇಡು’ ಎಂದರ್ಥ, ವಿಲಾಯತಿಯ ಪಾರ್ಲಿಮೆಂಟಿನಲ್ಲಿ ಒಪ್ಪದ ಮಾತಿಗೆ ಹೀಗೇ ಕೂಗುತ್ತಾರೆ ಎಂದು ಮಾಸ್ತರರು ಕಲಿಸಿದ್ದನ್ನು ಒಪ್ಪಿಸಿದೆ.

ಅಜ್ಜಿ ಎದ್ದು ನಿಂತಳು. “ಊರಿಗಿ ಬಂದವರಿಗಿ ಒಂದು ತುಣುಕು ಬೆಲ್ಲ, ತಂಬಗಿ ನೀರು ಕೊಡಲಿಲ್ಲ. ಬೈಯಾಕ ಮಾತ್ರ ಜಲ್ದಿ ಮಾಡೀರಿ! ನಾಚಿಕಿ ಯಾರಿಗಿ ಬರಬೇಕು?” ಎಂದವಳೇ ಎದುರುಮನೆಯಿಂದ ಬೆಲ್ಲ, ನೀರು ಇಸಿದುಕೊಂಡು ವೇದಿಕೆ ಹತ್ತಿದಳು.

ವಕೀಲರು ಬೆಲ್ಲ ಕಡಿದು ನೀರು ಕುಡಿದರು. “ಇನ್ನ ಉಳಿದ ಮಾತು ಆಡ್ಲೇನ್ರಿ?” ಎಂದು ಹುಡುಗರನ್ನೇ ಕೇಳಿದರು. ಯಾರೂ ಕೂಗಲಿಲ್ಲ. ವಕೀಲರೂ ತಮ್ಮ ಮಾತು ಮುಗಿಸಿ, ಕೊನೆಯವರೆಗೆ ಕುಳಿತು ನಮ್ಮವರ ಉತ್ತರ ಕೇಳಿಯೇ ಹೋದರು.

ಮುಂದೆ ರಾಜ್ಯ ಒಂದಾಯಿತು. ಈಗಲೂ ಸಭೆಯಲ್ಲಿ ಯಾರಾದರೂ ‘ಶೇಮ್’ ಎಂದು ಕೂಗಿದರೆ, ನನ್ನ ಕಣ್ಣು ತಂಬಿಗೆ ಎಲ್ಲಿದೆ ಎಂದು ಹುಡುಕುತ್ತದೆ.